ಬೆಂಗಳೂರು ಮಹಾನಗರ ಪಾಲಿಕೆಯ ವಿಭಜನೆ: ವಿವಾದ ಮತ್ತು ಉತ್ತರ ಬೆಂಗಳೂರು

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು (ಬಿಬಿಎಂಪಿ) ಒಡೆಯಬೇಕೆ, ಒಡೆಯುವುದಾದರೆ ಯಾರನ್ನು ಕೇಳಿ ಒಡೆಯಬೇಕು, ಗಡಿ, ಆದಾಯ, ಸಿಬ್ಬಂದಿಯನ್ನು ಹೇಗೆ ಹಂಚಬೇಕು ಎಂಬ ಪ್ರಶ್ನೆಗಳ ಸುತ್ತ 2015ರಿಂದ 2025ರವರೆಗೆ ನಡೆದ ರಾಜಕೀಯ ವಿವಾದವಿದು. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿಯ ಜಾಗದಲ್ಲಿ ಬೆಂಗಳೂರು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಬಂದವು. ಇವುಗಳ ಮೇಲೆ ಮುಖ್ಯಮಂತ್ರಿಯ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರ (ಜಿಬಿಎ) ಕೂತಿತು. ಯಲಹಂಕ, ಬ್ಯಾಟರಾಯನಪುರದ ಕಡೆಯ ಜನ ಹದಿನೆಂಟು ವರ್ಷಗಳಲ್ಲಿ ಎರಡು ಬಾರಿ ವಿಳಾಸದ ಮೇಲಿನ ಪಾಲಿಕೆಯ ಹೆಸರು ಬದಲಿಸಬೇಕಾಯಿತು. 2007ರಲ್ಲಿ ಅವರನ್ನು ದೊಡ್ಡ ಪಾಲಿಕೆಯೊಳಗೆ ಸೇರಿಸಲಾಯಿತು, 2025ರಲ್ಲಿ ಬೇರೆ ಮಾಡಲಾಯಿತು. ಸೇರಿಸಿದಾಗ ಮಹಾನಗರ ಪಾಲಿಕೆಯಲ್ಲಿ ಚುನಾಯಿತ ಕೌನ್ಸಿಲ್ ಇರಲಿಲ್ಲ. ಬೇರೆ ಮಾಡಿದಾಗಲೂ ಇರಲಿಲ್ಲ. ವಿಭಜನೆ ಸರಿಯೋ ತಪ್ಪೋ ಎಂಬುದಕ್ಕಿಂತ ಈ ಸಂಗತಿಯೇ ಇಡೀ ವಿವಾದದ ತಿರುಳು.

ಹಿನ್ನೆಲೆ

ಬೆಂಗಳೂರಿಗೆ ಒಡಕು ಹೊಸದಲ್ಲ. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಎಂದು ಎರಡು ಪುರಸಭೆಗಳು ಹುಟ್ಟಿದವು. 1881ರಲ್ಲಿ ಮೈಸೂರಿನ ಒಡೆಯರಿಗೆ ರಾಜ್ಯ ಮರಳಿ ಬಂದಾಗಲೂ ದಂಡುಪ್ರದೇಶ ಬ್ರಿಟಿಷರ ಕೈಯಲ್ಲೇ ಉಳಿಯಿತು. 1947ರಲ್ಲಿ ಆ ಪ್ರದೇಶ ಮೈಸೂರಿಗೆ ಸೇರಿ, 1949ರಲ್ಲಿ ಎರಡೂ ಕೂಡಿ ನಗರ ಕಾರ್ಪೊರೇಷನ್ ಆಯಿತು. ಆರ್. ಸುಬ್ಬಣ್ಣ ಅದರ ಮೊದಲ ಮೇಯರ್. ‘ಒಂದೇ ಬೆಂಗಳೂರು’ ಎಂಬ ಮಾತನ್ನು ಕೆಂಪೇಗೌಡರ ಕಾಲದಿಂದ ಬಂದದ್ದೆಂದು ವೇದಿಕೆಗಳಲ್ಲಿ ಹೇಳುತ್ತಾರೆ. ಆಡಳಿತದ ದೃಷ್ಟಿಯಿಂದ ನೋಡಿದರೆ ಅದಕ್ಕೆ ಮುಕ್ಕಾಲು ಶತಮಾನದಷ್ಟು ಮಾತ್ರ ವಯಸ್ಸು. ಕೆಂಪೇಗೌಡರು ಯಲಹಂಕ ನಾಡಪ್ರಭುಗಳು. 1537ರಲ್ಲಿ ಅವರು ಬೆಂಗಳೂರು ಕೋಟೆ ಕಟ್ಟುವ ಮೊದಲೇ ಯಲಹಂಕ ಊರಾಗಿತ್ತು, ರಾಜಧಾನಿಯೂ ಆಗಿತ್ತು. ಅದು ಬೆಂಗಳೂರಿನ ‘ಹೊರವಲಯ’ವಾದದ್ದು ಇತ್ತೀಚಿನ ಕಥೆ.

ಇಪ್ಪತ್ತನೆಯ ಶತಮಾನದ ಕೊನೆಗೆ ಬೆಂಗಳೂರು ಮಹಾನಗರ ಪಾಲಿಕೆ ನೂರು ವಾರ್ಡ್‌ಗಳ, ಸುಮಾರು 226 ಚದರ ಕಿಲೋಮೀಟರ್ ವಿಸ್ತಾರದ ಸಂಸ್ಥೆ. ಯಲಹಂಕ ಮತ್ತು ಬ್ಯಾಟರಾಯನಪುರ ಅದರ ಹೊರಗಿದ್ದ ಪ್ರತ್ಯೇಕ ನಗರಸಭೆಗಳು. ಐಟಿ ಕಂಪನಿಗಳು, ಹೊಸ ಬಡಾವಣೆಗಳು, ದೇವನಹಳ್ಳಿಯ ವಿಮಾನ ನಿಲ್ದಾಣದ ಕೆಲಸ ಎಲ್ಲವೂ ಊರಿನ ಅಂಚಿಗೆ ಬಂದಾಗ ರಾಜ್ಯ ಸರ್ಕಾರ ಈ ಅಂಚನ್ನು ಒಳಗೆ ತರಲು ನಿರ್ಧರಿಸಿತು. ಎಚ್.ಡಿ. ಕುಮಾರಸ್ವಾಮಿ ನೇತೃತ್ವದ ಜೆಡಿಎಸ್–ಬಿಜೆಪಿ ಸರ್ಕಾರ 2007ರ ಜನವರಿಯಲ್ಲಿ ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ರಾಜರಾಜೇಶ್ವರಿನಗರ, ಬೊಮ್ಮನಹಳ್ಳಿ, ಕೃಷ್ಣರಾಜಪುರ, ಮಹದೇವಪುರ ಎಂಬ ಏಳು ನಗರಸಭೆಗಳನ್ನೂ ಕೆಂಗೇರಿ ಪುರಸಭೆಯನ್ನೂ 110 ಹಳ್ಳಿಗಳನ್ನೂ ಸೇರಿಸಿ ಬಿಬಿಎಂಪಿ ರಚಿಸಿತು. ವಿಸ್ತೀರ್ಣ ಒಂದೇಟಿಗೆ 700 ಚದರ ಕಿಲೋಮೀಟರ್ ದಾಟಿತು.

ಹಳೆಯ ಪಾಲಿಕೆಯ ಸದಸ್ಯರ ಅವಧಿ 2006ರ ನವೆಂಬರ್‌ನಲ್ಲೇ ಮುಗಿದಿತ್ತು. ಹೊಸ ಪಾಲಿಕೆಗೆ ಚುನಾವಣೆ ನಡೆದದ್ದು 2010ರ ಮಾರ್ಚ್ 28ರಂದು. ನಡುವಿನ ಮೂರು ವರ್ಷಕ್ಕೂ ಮಿಕ್ಕಿದ ಕಾಲ ಆಡಳಿತಾಧಿಕಾರಿಗಳದ್ದು. ಹಳ್ಳಿಗಳಿಂದ ಬಂದ ಬೇಡಿಕೆಗಳು, ನಗರಸಭೆಗಳ ನೌಕರರ ಹೊಂದಾಣಿಕೆ, ಖಾತಾ ಪುಸ್ತಕಗಳ ವರ್ಗಾವಣೆ, ಕಂದಾಯ ನಿವೇಶನಗಳ ಗೋಜಲು, ಎಲ್ಲವನ್ನೂ ಅಧಿಕಾರಿಗಳು ಕಡತದಲ್ಲೇ ತೀರ್ಮಾನಿಸಿದರು. ‘ಎ ಖಾತಾ’, ‘ಬಿ ಖಾತಾ’ ಎಂಬ ಎರಡು ದರ್ಜೆಯ ಆಸ್ತಿ ಮಾಲೀಕರು ಹೊರವಲಯದಲ್ಲಿ ಇಷ್ಟು ದಟ್ಟವಾಗಿ ಕಾಣಲು ಈ ಗೋಜಲೂ ಒಂದು ಕಾರಣ. 110 ಹಳ್ಳಿಗಳಿಗೆ ಕಾವೇರಿ ನೀರು ಕೊಡುವ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ನಗರಕ್ಕೆ ಸೇರಿ ಹದಿನೇಳು ವರ್ಷವಾದ ಮೇಲೆ ನಗರದ ನೀರು. ‘ತೆರಿಗೆ ಕಟ್ಟುವುದು ನಾವು, ಕೆಲಸ ಆಗುವುದು ಒಳಗಿನ ಊರಿಗೆ’ ಎಂದು ಯಲಹಂಕದ ಅಂಗಡಿ ಬೀದಿಯಲ್ಲಿ ಕೇಳುವ ಮಾತಿಗೆ ಇದು ಸಾಕಷ್ಟು ಆಧಾರ ಒದಗಿಸಿತು.

ಇಷ್ಟು ದೊಡ್ಡ ಸಂಸ್ಥೆಯನ್ನು ಒಬ್ಬ ಕಮಿಷನರ್ ನಡೆಸಲಾರ ಎಂಬ ಅರಿವು ಬೇಗನೆ ಮೂಡಿತು. ಡಾ. ಕೆ. ಕಸ್ತೂರಿರಂಗನ್ ನೇತೃತ್ವದ ಸಮಿತಿ 2008ರಲ್ಲಿ ಬೆಂಗಳೂರಿನ ಆಡಳಿತದ ಬಗ್ಗೆ ವರದಿ ಕೊಟ್ಟಿತು. ಅದನ್ನು ಎಲ್ಲ ಪಕ್ಷಗಳೂ ಹೊಗಳಿದವು, ಯಾವ ಸರ್ಕಾರವೂ ಪೂರ್ತಿ ಜಾರಿಗೆ ತರಲಿಲ್ಲ.

2015ರ ಮೊದಲ ಯತ್ನ

ಸಿದ್ದರಾಮಯ್ಯ ಅವರ ಮೊದಲ ಅವಧಿಯ ಕಾಂಗ್ರೆಸ್ ಸರ್ಕಾರ ಪಾಲಿಕೆಯನ್ನು ಮೂರಾಗಿ ಒಡೆಯುವ ಪ್ರಸ್ತಾಪ ಮುಂದಿಟ್ಟಿತು. ನಿವೃತ್ತ ಮುಖ್ಯ ಕಾರ್ಯದರ್ಶಿ ಬಿ.ಎಸ್. ಪಾಟೀಲ್ ಅಧ್ಯಕ್ಷತೆಯಲ್ಲಿ, ಸಿದ್ದಯ್ಯ ಮತ್ತು ವಿ. ರವಿಚಂದರ್ ಸದಸ್ಯರಾಗಿದ್ದ ತಜ್ಞರ ಸಮಿತಿಯೊಂದು ಕೆಲಸ ಆರಂಭಿಸಿತ್ತು. ಆದರೆ ಗಡಿಯಾರ ಬೇರೆಯದೇ ಹೇಳುತ್ತಿತ್ತು. ಬಿಜೆಪಿ ಕೈಯಲ್ಲಿದ್ದ ಕೌನ್ಸಿಲ್‌ನ ಅವಧಿ ಏಪ್ರಿಲ್‌ನಲ್ಲಿ ಮುಗಿಯುವುದಿತ್ತು, ಸಂವಿಧಾನದ ಪ್ರಕಾರ ಅಷ್ಟರೊಳಗೆ ಚುನಾವಣೆ ನಡೆಯಬೇಕಿತ್ತು. ಅವಧಿಗೆ ಕೆಲವೇ ದಿನ ಉಳಿದಿರುವಾಗ ಸರ್ಕಾರ ಅಕ್ರಮಗಳ ಕಾರಣ ಕೊಟ್ಟು ಪಾಲಿಕೆಯನ್ನು ವಿಸರ್ಜಿಸಿ ಟಿ.ಎಂ. ವಿಜಯಭಾಸ್ಕರ್ ಅವರನ್ನು ಆಡಳಿತಾಧಿಕಾರಿಯಾಗಿ ಕೂರಿಸಿತು. ಏಪ್ರಿಲ್ 20ರಂದು ವಿಭಜನೆಯ ಮಸೂದೆಗಾಗಿಯೇ ವಿಧಾನಮಂಡಲದ ವಿಶೇಷ ಅಧಿವೇಶನ ಕರೆಯಿತು.

ವಿಧಾನಸಭೆಯಲ್ಲಿ ಮಸೂದೆ ಗೆದ್ದಿತು. ಪರಿಷತ್ತಿನಲ್ಲಿ ಬಿಜೆಪಿ, ಜೆಡಿಎಸ್ ಒಟ್ಟಾಗಿದ್ದರಿಂದ ಅದು ಆಯ್ಕೆ ಸಮಿತಿಗೆ ಹೋಗಿ ಸಿಕ್ಕಿಕೊಂಡಿತು. ಇತ್ತ ಚುನಾವಣೆಯ ಪ್ರಶ್ನೆ ಹೈಕೋರ್ಟ್, ಸುಪ್ರೀಂ ಕೋರ್ಟ್ ಹತ್ತಿ ಇಳಿಯಿತು. ಕೊನೆಗೆ ಆಗಸ್ಟ್ 22ರಂದು ಒಡೆಯದ ಪಾಲಿಕೆಗೇ ಮತದಾನವಾಯಿತು. 198 ವಾರ್ಡ್‌ಗಳ ಪೈಕಿ ಬಿಜೆಪಿ ನೂರು ಗೆದ್ದರೂ ಮೇಯರ್ ಪಟ್ಟ ಕಾಂಗ್ರೆಸ್‌ಗೆ ಹೋಯಿತು. ಮೇಯರ್ ಆಯ್ಕೆಯಲ್ಲಿ ಶಾಸಕರು, ಸಂಸದರು, ಪರಿಷತ್ ಸದಸ್ಯರಿಗೂ ಮತವಿತ್ತು. ಕಾಂಗ್ರೆಸ್ ಮತ್ತು ಜೆಡಿಎಸ್ ಕೂಡಿ ಆ ಲೆಕ್ಕದಲ್ಲಿ ಗೆದ್ದವು. ನಾಲ್ಕು ತಿಂಗಳ ಹಿಂದೆ ವಿಭಜನೆಯ ವಿಷಯದಲ್ಲಿ ಎದುರಾಳಿಗಳಾಗಿದ್ದವರು ಈಗ ಒಂದೇ ಗುಂಪು. ಕಾಂಗ್ರೆಸ್ ಕೈಗೆ ಅಖಂಡ ಪಾಲಿಕೆ ಬಂದ ಮೇಲೆ ಅದನ್ನು ಒಡೆಯುವ ಆತುರವೂ ಇಳಿಯಿತು. ವಿಭಜನೆ ಆಡಳಿತದ ಅಗತ್ಯವೇ ಆಗಿದ್ದರೆ ಆ ಅಗತ್ಯ ಒಂದು ಮೇಯರ್ ಚುನಾವಣೆಗೆ ಕರಗಬಾರದಿತ್ತು.

ಪಾಟೀಲ್ ಸಮಿತಿ ಮಾತ್ರ ತನ್ನ ಪಾಡಿಗೆ ಕೆಲಸ ಮುಂದುವರಿಸಿತು. ಮೇಲೆ ಒಂದು ಪ್ರಾಧಿಕಾರ, ನಡುವೆ ಹಲವು ಪಾಲಿಕೆ, ಕೆಳಗೆ ವಾರ್ಡ್ ಸಮಿತಿಗಳು ಎಂಬ ಮೂರು ಹಂತದ ನಕ್ಷೆಯೂ ಒಂದು ಕರಡು ಮಸೂದೆಯೂ 2018ರಲ್ಲಿ ಸರ್ಕಾರದ ಕೈ ಸೇರಿದವು. 2025ರ ಕಾಯ್ದೆಯ ಬೇರು ಇಲ್ಲಿದೆ.

ಸದಸ್ಯರಿಲ್ಲದ ವರ್ಷಗಳು

2015ರಲ್ಲಿ ಗೆದ್ದವರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಬಿ.ಎಸ್. ಯಡಿಯೂರಪ್ಪ ನೇತೃತ್ವದ ಬಿಜೆಪಿ ಸರ್ಕಾರ ಪಾಲಿಕೆಯನ್ನು ಒಂದಾಗಿಯೇ ಉಳಿಸುವ ಬಿಬಿಎಂಪಿ ಕಾಯ್ದೆ 2020 ತಂದು ವಾರ್ಡ್‌ಗಳನ್ನು 243ಕ್ಕೆ ಏರಿಸಿತು. ಹಳೆಯ 198 ವಾರ್ಡ್‌ಗಳಿಗೇ ಬೇಗ ಚುನಾವಣೆ ನಡೆಸಿ ಎಂದು 2020ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. 2022ರಲ್ಲಿ 243 ವಾರ್ಡ್‌ಗಳ ಗಡಿ ಬರೆದರು. 2023ರಲ್ಲಿ ಕಾಂಗ್ರೆಸ್ ಮರಳಿ ಬಂದು ಅದನ್ನು 225ಕ್ಕೆ ಇಳಿಸಿ ಮತ್ತೆ ಬರೆದರು. ಎರಡರಲ್ಲಿ ಯಾವುದಕ್ಕೂ ಮತದಾನ ನಡೆಯಲಿಲ್ಲ. ಚುನಾವಣೆ ತಪ್ಪಿಸುವ ವಿಷಯದಲ್ಲಿ ಎರಡು ಪಕ್ಷಗಳ ನಡುವೆ ಭಿನ್ನಾಭಿಪ್ರಾಯವೇ ಇರಲಿಲ್ಲ ಎನ್ನಬಹುದು.

2021ರ ಜುಲೈಯಿಂದ 2023ರ ಮೇವರೆಗೆ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಅವರ ಸ್ವಂತ ಮನೆ ಆರ್.ಟಿ. ನಗರದಲ್ಲಿ. ಅಧಿಕಾರಿಗಳು, ಶಾಸಕರು, ಮನವಿ ಹಿಡಿದವರು ಆ ಬೀದಿಗೆ ಬಂದು ಕಾಯುತ್ತಿದ್ದರು. ರಾಜ್ಯದ ಮುಖ್ಯಮಂತ್ರಿ ಇದ್ದ ಆ ಬೀದಿಗೆ ಅಷ್ಟೂ ಕಾಲ ಒಬ್ಬ ಕಾರ್ಪೊರೇಟರ್ ಇರಲಿಲ್ಲ.

ಕಾರ್ಪೊರೇಟರ್ ಇಲ್ಲದ್ದರ ಪರಿಣಾಮ ಮಳೆಗಾಲದಲ್ಲಿ ಕಣ್ಣಿಗೆ ಬೀಳುತ್ತದೆ. ಉತ್ತರ ಬೆಂಗಳೂರಿನ ನೀರು ಕೆರೆಯಿಂದ ಕೆರೆಗೆ ಇಳಿಯುವ ನೀರು. ಯಲಹಂಕದ ಕಡೆಯಿಂದ ಅಲ್ಲಾಳಸಂದ್ರ, ಜಕ್ಕೂರು, ರಾಚೇನಹಳ್ಳಿಗೆ ಒಂದು ಸರಣಿ. ಹೆಬ್ಬಾಳದಿಂದ ನಾಗವಾರಕ್ಕೆ, ಅಲ್ಲಿಂದ ಪೂರ್ವಕ್ಕೆ ಇನ್ನೊಂದು. ನಡುವಿನ ರಾಜಕಾಲುವೆ ಎಲ್ಲಿ ಕಿರಿದಾದರೂ ಮೇಲಿನವರ ಮನೆಗೆ ನೀರು. 2024ರ ಅಕ್ಟೋಬರ್ ಮಳೆಯಲ್ಲಿ ಯಲಹಂಕದ ಕೇಂದ್ರೀಯ ವಿಹಾರ್ ಅಪಾರ್ಟ್‌ಮೆಂಟ್ ಸಂಕೀರ್ಣದ ನೆಲಮಹಡಿ ಮುಳುಗಿ, ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. 2021ರ ನವೆಂಬರ್‌ನಲ್ಲೂ ಅಲ್ಲಿ ಹೀಗೇ ಆಗಿತ್ತು. ಎರಡೂ ಸಲ ಮಂತ್ರಿಗಳು ಬಂದರು, ಎಂಜಿನಿಯರುಗಳು ಬಂದರು, ಟಿವಿ ಕ್ಯಾಮೆರಾ ಬಂದವು. ಎರಡು ಮಳೆಗಳ ನಡುವಿನ ಮೂರು ವರ್ಷ ಕಾಲುವೆ ಅಗಲ ಮಾಡಿಸಲು ದಿನವೂ ಕಚೇರಿ ಅಲೆಯಬೇಕಾದವರು ವಾರ್ಡಿನ ಸದಸ್ಯರು. ಆ ಹುದ್ದೆಯೇ ಖಾಲಿ ಇತ್ತು.

2025ರ ಕಾಯ್ದೆ

ಎರಡನೇ ಬಾರಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯ, ಬೆಂಗಳೂರು ಅಭಿವೃದ್ಧಿ ಖಾತೆ ಹೊತ್ತ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಈ ಸಲ ಹೆಚ್ಚು ಎಚ್ಚರ ವಹಿಸಿದರು. 2024ರ ಜುಲೈಯಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ ಮಂಡನೆಯಾಯಿತು. ವಿರೋಧ ಬಂದಾಗ ಅದನ್ನು ಶಾಸಕ ರಿಜ್ವಾನ್ ಅರ್ಷದ್ ಅಧ್ಯಕ್ಷತೆಯ ಜಂಟಿ ಸದನ ಸಮಿತಿಗೆ ಒಪ್ಪಿಸಿದರು. ಸಮಿತಿ 2025ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು. ಪಾಲಿಕೆಗಳ ಸಂಖ್ಯೆ ಏಳನ್ನು ಮೀರಬಾರದೆಂಬ ಮಿತಿ ಬಂತು. ಮಾರ್ಚ್‌ನಲ್ಲಿ ಮಸೂದೆ ಎರಡೂ ಸದನ ದಾಟಿತು. ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಒಮ್ಮೆ ಸ್ಪಷ್ಟನೆ ಕೇಳಿ ಹಿಂದಿರುಗಿಸಿ, ಏಪ್ರಿಲ್‌ನಲ್ಲಿ ಅಂಕಿತ ಹಾಕಿದರು. ಮೇ 15ರಿಂದ ಕಾಯ್ದೆ ಜಾರಿಗೆ ಬಂತು. ಜುಲೈಯಲ್ಲಿ ಐದು ಪಾಲಿಕೆಗಳ ಕರಡು ಅಧಿಸೂಚನೆ, ಆಕ್ಷೇಪಣೆಗಳಿಗೆ ಕಾಲಾವಕಾಶ, ಸೆಪ್ಟೆಂಬರ್ 2ಕ್ಕೆ ಅಂತಿಮ.

ಜಿಬಿಎಗೆ ಮುಖ್ಯಮಂತ್ರಿ ಅಧ್ಯಕ್ಷರು, ಬೆಂಗಳೂರು ಅಭಿವೃದ್ಧಿ ಸಚಿವರು ಉಪಾಧ್ಯಕ್ಷರು. ಸಚಿವರು, ನಗರದ ಶಾಸಕ ಸಂಸದರು, ಬಿಡಿಎ, ಜಲಮಂಡಳಿ, ಬಿಎಂಟಿಸಿ, ಮೆಟ್ರೊ ಮುಂತಾದ ಸಂಸ್ಥೆಗಳ ಮುಖ್ಯಸ್ಥರು ಅದರೊಳಗಿದ್ದಾರೆ. ಐದು ಪಾಲಿಕೆಗಳ ಮೇಯರ್‌ಗಳಿಗೂ ಸ್ಥಾನವಿದೆ. ಮೇಯರ್, ಉಪಮೇಯರ್ ಅವಧಿ ಮೊದಲಿನ ಒಂದು ವರ್ಷದ ಬದಲು ಮೂವತ್ತು ತಿಂಗಳು. ಇದು ಕಾಯ್ದೆಯ ಒಳ್ಳೆಯ ಭಾಗ. ಒಂದು ವರ್ಷದ ಮೇಯರ್ ಕಡತ ಓದಿ ಮುಗಿಸುವಷ್ಟರಲ್ಲಿ ಬೀಳ್ಕೊಡುಗೆ ಹಾರ ಬರುತ್ತಿತ್ತು. ಯೋಜನಾ ಅಧಿಕಾರ ಬಿಡಿಎಯಿಂದ ಜಿಬಿಎಗೆ ಬಂತು. ಐದೂ ಪಾಲಿಕೆಗಳಿಗೆ ಸಂಬಂಧಿಸಿದ ದೊಡ್ಡ ಕಾಮಗಾರಿಗಳೂ ಅದರ ಕೈಯಲ್ಲಿವೆ.

ಭಿನ್ನಾಭಿಪ್ರಾಯಗಳು

ವಿರೋಧ ಪಕ್ಷದ ನಾಯಕ ಆರ್. ಅಶೋಕ ಅವರ ಮುಂದಾಳುತನದಲ್ಲಿ ಬಿಜೆಪಿ ಎತ್ತಿದ ತಕರಾರಿನಲ್ಲಿ ಭಾವನೆ, ಸಂವಿಧಾನ, ಹಣ ಮೂರೂ ಕಲೆತಿದ್ದವು. ಕೆಂಪೇಗೌಡರ ನಗರವನ್ನು ತುಂಡರಿಸುತ್ತಿದ್ದಾರೆ, ಹೊರಗಿನವರು ಹೆಚ್ಚಿರುವ ಪಾಲಿಕೆಗಳಲ್ಲಿ ಕನ್ನಡಿಗರು ಮೇಯರ್ ಆಗುವುದು ಕಷ್ಟವಾಗುತ್ತದೆ ಎಂಬುದು ಭಾವನೆಯ ಮಾತು. 2015ರಲ್ಲೇ ಕೆಲವು ಕನ್ನಡ ಸಂಘಟನೆಗಳು ಇದನ್ನು ಹೇಳಿದ್ದವು. ಈ ಆತಂಕವನ್ನು ತಳ್ಳಿಹಾಕಬೇಕಿಲ್ಲ. ಆದರೆ ಕನ್ನಡದ ಸ್ಥಾನ ನಿಂತಿರುವುದು ಪಾಲಿಕೆಯ ಗಾತ್ರದ ಮೇಲಲ್ಲ. ಕೌನ್ಸಿಲ್ ಯಾವ ಭಾಷೆಯಲ್ಲಿ ನಡೆಯುತ್ತದೆ, ಕಂದಾಯದ ರಸೀದಿ ಯಾವ ಭಾಷೆಯಲ್ಲಿ ಬರುತ್ತದೆ, ಅಂಗಡಿಯ ನಾಮಫಲಕದ ನಿಯಮವನ್ನು ಯಾರು ಜಾರಿ ಮಾಡುತ್ತಾರೆ ಎಂಬುದರ ಮೇಲೆ ನಿಂತಿದೆ. ಐದು ಪಾಲಿಕೆಯಾದರೂ ಒಂದಾದರೂ ಈ ಪ್ರಶ್ನೆಗಳು ಬದಲಾಗುವುದಿಲ್ಲ.

ಸಂವಿಧಾನದ ತಕರಾರು ಗಟ್ಟಿಯಾದದ್ದು. 1993ರ ಜೂನ್ 1ರಿಂದ ಜಾರಿಯಲ್ಲಿರುವ 74ನೇ ತಿದ್ದುಪಡಿ ನಗರ ಸಂಸ್ಥೆಗಳನ್ನು ಸ್ವಯಮಾಡಳಿತದ ಸಂಸ್ಥೆಗಳೆಂದು ಕರೆಯುತ್ತದೆ. ಐದು ವರ್ಷದ ಅವಧಿ ಮುಗಿಯುವ ಮೊದಲೇ, ವಿಸರ್ಜನೆಯಾದರೆ ಆರು ತಿಂಗಳೊಳಗೆ ಚುನಾವಣೆ ಆಗಬೇಕು ಎನ್ನುತ್ತದೆ. ಮಹಾನಗರ ಯೋಜನಾ ಸಮಿತಿಯ ಮೂರನೇ ಎರಡರಷ್ಟು ಸದಸ್ಯರು ಸ್ಥಳೀಯ ಸಂಸ್ಥೆಗಳ ಚುನಾಯಿತರಿಂದಲೇ, ಅವರೊಳಗಿಂದಲೇ ಆರಿಸಿ ಬರಬೇಕು. ಮುಖ್ಯಮಂತ್ರಿಯೇ ಅಧ್ಯಕ್ಷರಾದ, ಮಂತ್ರಿಗಳೂ ಅಧಿಕಾರಿಗಳೂ ತುಂಬಿದ ಪ್ರಾಧಿಕಾರಕ್ಕೆ ಯೋಜನೆ ಮತ್ತು ದೊಡ್ಡ ಕಾಮಗಾರಿಗಳನ್ನು ಕೊಟ್ಟರೆ ಮೇಯರ್‌ಗಳಿಗೆ ಉಳಿಯುವುದು ಕಸ, ಬೀದಿದೀಪ, ಮೋರಿ. ವಿಕೇಂದ್ರೀಕರಣದ ಹೆಸರಿನಲ್ಲಿ ಅಧಿಕಾರ ವಿಧಾನಸೌಧಕ್ಕೆ ಹತ್ತಿರವಾಯಿತು ಎಂದು ನಾಗರಿಕ ಸಂಘಟನೆಗಳೂ ಹೇಳಿದವು. ಕೆಲವರು ಹೈಕೋರ್ಟ್‌ಗೂ ಹೋದರು. ಸರ್ಕಾರದ ಉತ್ತರ ಸರಳವಾಗಿತ್ತು: ಪಾಲಿಕೆಗಳ ಅಧಿಕಾರಕ್ಕೆ ಕೈ ಹಾಕಿಲ್ಲ, ಒಂದರ ಕೆಲಸ ಇನ್ನೊಂದಕ್ಕೆ ಗೊತ್ತಿಲ್ಲದಂತೆ ನಡೆಯುವ ಹತ್ತಾರು ಸಂಸ್ಥೆಗಳನ್ನು ಒಂದೆಡೆ ಕೂರಿಸಲು ಮುಖ್ಯಮಂತ್ರಿಗಿಂತ ಚಿಕ್ಕವರಿಂದ ಆಗದು. ಈ ಉತ್ತರದಲ್ಲಿ ಅನುಭವದ ತೂಕವಿದೆ. ಜಲಮಂಡಳಿ ಅಗೆದ ರಸ್ತೆಯನ್ನು ಪಾಲಿಕೆ ಮುಚ್ಚುವುದನ್ನು ಕಾದವರಿಗೆ ಅದು ಗೊತ್ತು. ಆದರೆ ಜಲಮಂಡಳಿ, ಬಿಡಿಎ, ಬಿಎಂಟಿಸಿ ಮೊದಲಿನಿಂದಲೂ ರಾಜ್ಯ ಸರ್ಕಾರದ ಕೈಯಲ್ಲೇ ಇದ್ದವು. ಅವನ್ನು ಒಂದೆಡೆ ಕೂರಿಸಲು ಸರ್ಕಾರಕ್ಕೆ ಹೊಸ ಕಾಯ್ದೆ ಯಾಕೆ ಬೇಕಿತ್ತು ಎಂಬ ಮರುಪ್ರಶ್ನೆ ಹಾಗೇ ಉಳಿಯಿತು.

2025ರ ಅಕ್ಟೋಬರ್‌ನಲ್ಲಿ ನಡೆದ ಜಿಬಿಎಯ ಮೊದಲ ಸಭೆಗೆ ಬಿಜೆಪಿ ಶಾಸಕರು ಬಹಿಷ್ಕಾರ ಹಾಕಿದರು. ಅದರಿಂದ ಅವರ ಕ್ಷೇತ್ರಗಳಿಗೆ ಆದ ಲಾಭವೇನು ಎಂಬುದು ಯಲಹಂಕದಲ್ಲೂ ಕೇಳಬೇಕಾದ ಪ್ರಶ್ನೆ. ಆ ಮೇಜಿನ ಇನ್ನೊಂದು ಬದಿಯಲ್ಲಿ ಉತ್ತರ ಬೆಂಗಳೂರಿನ ಇಬ್ಬರು ಮಂತ್ರಿಗಳಿದ್ದರು: ಬ್ಯಾಟರಾಯನಪುರದ ಶಾಸಕ, ಕಂದಾಯ ಸಚಿವ ಕೃಷ್ಣ ಬೈರೇಗೌಡ, ಹೆಬ್ಬಾಳದ ಶಾಸಕ, ನಗರಾಭಿವೃದ್ಧಿ ಸಚಿವ ಬೈರತಿ ಸುರೇಶ್. ಯಲಹಂಕದ ಶಾಸಕ ಎಸ್.ಆರ್. ವಿಶ್ವನಾಥ್ ಬಿಜೆಪಿಯವರು, ಹಿಂದೆ ಬಿಡಿಎ ಅಧ್ಯಕ್ಷರಾಗಿದ್ದವರು. ಅಂದರೆ ಹಂಚಿಕೆಯ ಒಳಮಾತು ಬಲ್ಲವರು ಎರಡು ಕಡೆಯೂ ಇದ್ದರು.

ಉತ್ತರದ ಪಾಲಿಗೆ ಬಂದದ್ದು

ಬೆಂಗಳೂರು ಉತ್ತರ ನಗರ ಪಾಲಿಕೆಗೆ ಬ್ಯಾಟರಾಯನಪುರ ಕ್ಷೇತ್ರ, ಯಲಹಂಕದ ನಗರ ಭಾಗ, ಹೆಬ್ಬಾಳ, ಪುಲಿಕೇಶಿನಗರ, ಸರ್ವಜ್ಞನಗರದ ಪ್ರದೇಶಗಳು, ದಾಸರಹಳ್ಳಿ ಮತ್ತು ರಾಜರಾಜೇಶ್ವರಿನಗರ ಕ್ಷೇತ್ರಗಳ ಒಂದೊಂದು ಭಾಗ ಸೇರಿದವು. ಕ್ಷೇತ್ರದ ಗೆರೆಯೂ ಪಾಲಿಕೆಯ ಗೆರೆಯೂ ಕೂಡದ ಕಡೆ ಗೊಂದಲ ಸಹಜ. ಯಶವಂತಪುರವೇ ಒಂದು ಉದಾಹರಣೆ. ಯಶವಂತಪುರ ಎಂಬ ಹೆಸರಿನ ವಿಧಾನಸಭಾ ಕ್ಷೇತ್ರದಲ್ಲಿ ಯಶವಂತಪುರ ಪೇಟೆಯೇ ಇಲ್ಲ. ಪೇಟೆ ಇರುವುದು ರಾಜರಾಜೇಶ್ವರಿನಗರ ಕ್ಷೇತ್ರದಲ್ಲಿ, ಆ ಕ್ಷೇತ್ರ ಈಗ ಒಂದಕ್ಕಿಂತ ಹೆಚ್ಚು ಪಾಲಿಕೆಗೆ ಹಂಚಿಹೋಗಿದೆ. ಅಲ್ಲಿನ ಅಂಗಡಿಯವರು ಟ್ರೇಡ್ ಲೈಸೆನ್ಸ್‌ಗೆ ಯಾವ ಕಚೇರಿ, ದೂರು ಹೇಳಲು ಯಾವ ಶಾಸಕರು ಎಂದು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳಬೇಕು. ಸಾಲದ್ದಕ್ಕೆ ಬೆಂಗಳೂರು ಉತ್ತರ ಎಂಬ ಲೋಕಸಭಾ ಕ್ಷೇತ್ರವಿದೆ, ಅದೇ ಹೆಸರಿನ ತಾಲ್ಲೂಕಿದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ ಅದೇ ಹೆಸರಿಡಲು ಸಚಿವ ಸಂಪುಟ 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ತೀರ್ಮಾನಿಸಿತು. ಅಂಚೆಯವರ ತಾಳ್ಮೆಯನ್ನು ಮೆಚ್ಚಬೇಕು.

ಅವಿಭಕ್ತ ಕುಟುಂಬ ಪಾಲಾಗುವಾಗ ಜಗಳ ಬರುವುದು ಮನೆಯ ಹೆಸರಿಗಲ್ಲ, ನೀರಾವರಿ ಗದ್ದೆಗೆ. ಇಲ್ಲಿ ಗದ್ದೆ ಎಂದರೆ ಆಸ್ತಿ ತೆರಿಗೆ. ಬಿಬಿಎಂಪಿಯ ವಲಯಗಳ ಪೈಕಿ ಹೆಚ್ಚು ತೆರಿಗೆ ತರುತ್ತಿದ್ದ ಮಹದೇವಪುರ ಕೆ.ಆರ್. ಪುರದೊಂದಿಗೆ ಪೂರ್ವ ಪಾಲಿಕೆಯಾಯಿತು. ಅಲ್ಲಿ ಜನಸಂಖ್ಯೆ ಕಡಿಮೆ, ಟೆಕ್ ಪಾರ್ಕ್‌ಗಳು ಹೆಚ್ಚು. ಉತ್ತರದ ಲೆಕ್ಕ ಮಿಶ್ರ. ನಾಗವಾರದ ಮಾನ್ಯತಾ ಟೆಕ್ ಪಾರ್ಕ್, ಬಳ್ಳಾರಿ ರಸ್ತೆಯುದ್ದದ ಮಾಲ್, ಆಸ್ಪತ್ರೆ, ಅಪಾರ್ಟ್‌ಮೆಂಟ್‌ಗಳು ಒಳ್ಳೆಯ ಆದಾಯ ತರುತ್ತವೆ. ಆದರೆ ಯಲಹಂಕದ ವಾಯುನೆಲೆ, ಗಡಿ ಭದ್ರತಾ ಪಡೆ ಮತ್ತು ಸಿಆರ್‌ಪಿಎಫ್ ಶಿಬಿರಗಳು, ರೈಲ್ವೆ ಚಕ್ರ ಕಾರ್ಖಾನೆ, ಜಾಲಹಳ್ಳಿಯ ವಾಯುಪಡೆ ಪ್ರದೇಶ ಕೇಂದ್ರ ಸರ್ಕಾರದ ಆಸ್ತಿಗಳು. ಸಂವಿಧಾನದ 285ನೇ ವಿಧಿಯಂತೆ ಇವುಗಳ ಮೇಲೆ ಪಾಲಿಕೆ ಆಸ್ತಿ ತೆರಿಗೆ ಹಾಕುವಂತಿಲ್ಲ, ಹೆಚ್ಚೆಂದರೆ ಸೇವಾ ಶುಲ್ಕ ಕೇಳಬಹುದು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ವಿಶಾಲ ಆವರಣವೂ ಟೆಕ್ ಪಾರ್ಕ್‌ನಂತೆ ಹಣ ತರುವ ಜಾಗವಲ್ಲ. ಈ ಭಾಗದ ಬೆಳವಣಿಗೆಗೆ ಕಾರಣವಾದ ವಿಮಾನ ನಿಲ್ದಾಣ ಪಾಲಿಕೆಯ ಗಡಿಯಿಂದ ಆಚೆ ಇದೆ. ವಿಮಾನ ಹತ್ತುವವರ ಕಾರುಗಳ ಹೊಗೆ ಉತ್ತರ ಪಾಲಿಕೆಗೆ, ನಿಲ್ದಾಣದ ಕಂದಾಯ ಬೇರೆಯವರಿಗೆ.

ಪಾಲಿಕೆಗಳ ನಡುವೆ ಆಸ್ತಿ, ಸಾಲ, ಸಿಬ್ಬಂದಿ ಹಂಚುವ ಅಧಿಕಾರ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರದ್ದು. ಪಾಲುದಾರರ ಪರವಾಗಿ ವಾದಿಸಲು ಐದು ಕಮಿಷನರ್‌ಗಳಿದ್ದರು. ಐವರನ್ನೂ ನೇಮಿಸಿದ್ದು ಹಂಚುವ ಸರ್ಕಾರವೇ. ಇಂಥ ಮಾತುಕತೆಯಲ್ಲಿ ಯಾರೂ ಧ್ವನಿ ಎತ್ತುವುದಿಲ್ಲ, ಎತ್ತಬೇಕಾಗಿಯೂ ಇಲ್ಲ. ಬ್ಯಾಟರಾಯನಪುರದಲ್ಲಿದ್ದ ಯಲಹಂಕ ವಲಯ ಕಚೇರಿಯ ಜನರಿಗೆ ಮೊದಲು ಕಂಡ ಬದಲಾವಣೆ ಫಲಕ ಮತ್ತು ಮೊಹರು.

ದೊಡ್ಡ ಯೋಜನೆಗಳ ವಿಷಯದಲ್ಲಿ ಉತ್ತರದವರಿಗೆ ಹಳೆಯ ಪಾಠವೊಂದಿದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟಲು ಬಿಡಿಎ ಹೊರಟಾಗ 2016ರ ಅಕ್ಟೋಬರ್ 16ರಂದು ಜನ ಮಾನವ ಸರಪಳಿ ಕಟ್ಟಿ ‘ಬೇಡ’ ಎಂದರು. ಎಂಟುನೂರಕ್ಕೂ ಹೆಚ್ಚು ಮರಗಳು ಉರುಳಬೇಕಿದ್ದವು. ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಈಗ ಅದೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ 17,000 ಕೋಟಿ ರೂಪಾಯಿಗೂ ಮಿಕ್ಕಿದ ಅಂದಾಜಿನ ಸುರಂಗ ರಸ್ತೆಯ ಯೋಜನೆ ಬಂದಿದೆ. ಅದರ ಒಂದು ಬಾಯಿ ಉತ್ತರ ಪಾಲಿಕೆಯ ನೆಲದಲ್ಲಿ ತೆರೆದರೂ ಅದನ್ನು ಬೇಕು ಬೇಡ ಎನ್ನುವ ಹಕ್ಕು ಉತ್ತರ ಪಾಲಿಕೆಗಿಲ್ಲ.

ಹೊರಗಿನ ನಿದರ್ಶನಗಳು

ದೆಹಲಿ ಪಾಲಿಕೆಯನ್ನು 2012ರಲ್ಲಿ ಉತ್ತರ, ದಕ್ಷಿಣ, ಪೂರ್ವ ಎಂದು ಮೂರು ಮಾಡಲಾಯಿತು. ದಕ್ಷಿಣದ ಪಾಲಿಗೆ ಶ್ರೀಮಂತ ಬಡಾವಣೆಗಳು ಬಂದವು. ಪೂರ್ವ ಮತ್ತು ಉತ್ತರ ಪಾಲಿಕೆಗಳು ನೌಕರರ ಸಂಬಳಕ್ಕೇ ಪರದಾಡಿದವು, ಪೌರಕಾರ್ಮಿಕರು ಮತ್ತೆ ಮತ್ತೆ ಮುಷ್ಕರಕ್ಕಿಳಿದರು. 2022ರ ಮೇ 22ರಂದು ಕೇಂದ್ರ ಸರ್ಕಾರ ಮೂರನ್ನೂ ಪುನಃ ಒಂದು ಮಾಡಿತು. ಒಡೆದದ್ದು ಒಂದು ಪಕ್ಷ, ಕೂಡಿಸಿದ್ದು ಇನ್ನೊಂದು; ಎರಡು ಸಲವೂ ಆಡಳಿತ ಸುಧಾರಣೆಯೇ ಕಾರಣ ಎಂದರು. ಬೆಂಗಳೂರಿನ ವಿಭಜನೆಯನ್ನು ವಿರೋಧಿಸಿದವರು ದೆಹಲಿಯನ್ನು ತೋರಿಸಿದರೆ, ಬೆಂಬಲಿಸಿದವರು ಲಂಡನ್ನನ್ನು ತೋರಿಸಿದರು. ಲಂಡನ್‌ನಲ್ಲಿ 32 ಬರೋಗಳೂ ಹಳೆಯ ಸಿಟಿಯೂ ಇವೆ, ಮೇಲೆ 2000ದಲ್ಲಿ ಹುಟ್ಟಿದ ಗ್ರೇಟರ್ ಲಂಡನ್ ಪ್ರಾಧಿಕಾರವಿದೆ. ಹೆಸರು ಹತ್ತಿರವಾದರೂ ಒಂದು ವ್ಯತ್ಯಾಸ ದೊಡ್ಡದು: ಅಲ್ಲಿ ಪ್ರಾಧಿಕಾರದ ತಲೆಯಲ್ಲಿರುವ ಮೇಯರ್‌ನನ್ನು ನಗರದ ಮತದಾರರು ನೇರವಾಗಿ ಆರಿಸುತ್ತಾರೆ.

ಬೇರೆಯಾಗುವ ಮಾತುಕತೆಯನ್ನು ಯಾರು ನಡೆಸಬೇಕು ಎಂಬ ಜಗಳಕ್ಕೆ ಈ ಕಾಲದ ದೊಡ್ಡ ಉದಾಹರಣೆ ಬ್ರೆಕ್ಸಿಟ್. 2016ರ ಜೂನ್ 23ರ ಜನಮತದಲ್ಲಿ ಶೇ 51.9ರಷ್ಟು ಜನ ಐರೋಪ್ಯ ಒಕ್ಕೂಟ ಬಿಡಬೇಕೆಂದರು. ಹೇಗೆ ಬಿಡಬೇಕೆಂದು ಯಾರೂ ಕೇಳಿರಲಿಲ್ಲ. ಮಾತುಕತೆ ಸರ್ಕಾರದ ವಿಶೇಷಾಧಿಕಾರ ಎಂದು ಪ್ರಧಾನಿ ತೆರೇಸಾ ಮೇ ಹೊರಟಾಗ, ಸಂಸತ್ತಿನ ಒಪ್ಪಿಗೆಯಿಲ್ಲದೆ ನಿರ್ಗಮನದ ನೋಟಿಸ್ ಕೊಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತೀರ್ಪಿತ್ತಿತು. ಆಕೆ ತಂದ ಒಪ್ಪಂದವನ್ನು ಕೆಳಮನೆ 2019ರ ಜನವರಿ 15ರಂದು 202ರ ವಿರುದ್ಧ 432 ಮತಗಳಿಂದ ಸೋಲಿಸಿತು. ಸ್ವಂತ ಪಕ್ಷದವರೇ ನೂರಕ್ಕೂ ಹೆಚ್ಚು ಮಂದಿ ತಿರುಗಿಬಿದ್ದಿದ್ದರು. ಆ ದೇಶ ಮೂರೂವರೆ ವರ್ಷ ಕಚ್ಚಾಡಿ 2020ರ ಜನವರಿ 31ರಂದು ಹೊರಬಂತು. ಗಾತ್ರದಲ್ಲಿ ಈ ಎರಡನ್ನು ಹೋಲಿಸುವುದು ಹಾಸ್ಯಾಸ್ಪದ. ಆದರೆ ಅಲ್ಲಿ ಸದನದಲ್ಲಿ ಕೂತು ಬೇಡ ಎನ್ನಲು ಬಾಧಿತರ ಪ್ರತಿನಿಧಿಗಳಿದ್ದರು, ಅಂದಿದ್ದು ದಾಖಲಾಯಿತು, ಸರ್ಕಾರ ಬಗ್ಗಬೇಕಾಯಿತು. ಬೆಂಗಳೂರಿನಲ್ಲಿ ವಿಧಾನಮಂಡಲ ಚರ್ಚಿಸಿತು ನಿಜ. ಒಡೆಯಲಾಗುವ ಸಂಸ್ಥೆಯ ಸಭಾಂಗಣದಲ್ಲಿ ಮಾತ್ರ ಐದು ವರ್ಷದಿಂದ ಸದಸ್ಯರ ಸಭೆಯೇ ನಡೆದಿರಲಿಲ್ಲ.

ನಂತರದ ಬೆಳವಣಿಗೆ

ವಾರ್ಡ್ ಮರುವಿಂಗಡಣೆ 2025ರ ಕೊನೆಯಲ್ಲಿ ಮುಗಿದು ಒಟ್ಟು 369 ವಾರ್ಡ್‌ಗಳಾದವು. ಪಶ್ಚಿಮಕ್ಕೆ 112, ಉತ್ತರಕ್ಕೂ ದಕ್ಷಿಣಕ್ಕೂ 72, ಕೇಂದ್ರಕ್ಕೆ 63, ಪೂರ್ವಕ್ಕೆ 50. 198 ವಾರ್ಡ್‌ಗಳ ಕಾಲಕ್ಕೆ ಹೋಲಿಸಿದರೆ ಸದಸ್ಯ ಜನರಿಗೆ ಹೆಚ್ಚು ಹತ್ತಿರವಾಗುತ್ತಾನೆ. ವಿಭಜನೆಯಿಂದ ಸಾಮಾನ್ಯ ನಿವಾಸಿಗೆ ಖಚಿತವಾಗಿ ಸಿಗಬಹುದಾದ ಲಾಭ ಇದೊಂದೇ, ಅದು ಸಿಗುವುದು ಚುನಾವಣೆ ನಡೆದರೆ.

ಆ ವರ್ಷದ ಡಿಸೆಂಬರ್‌ನಲ್ಲಿ ಯಲಹಂಕ ಬಳಿಯ ಕೋಗಿಲು ಬಡಾವಣೆಯಲ್ಲಿ ಸರ್ಕಾರಿ ಜಾಗದ ಒತ್ತುವರಿ ಎಂದು ಬಡವರ ಮನೆಗಳನ್ನು ಜೆಸಿಬಿ ತಂದು ಕೆಡವಿದಾಗ ವಿಷಯ ರಾಷ್ಟ್ರಮಟ್ಟಕ್ಕೆ ಹೋಯಿತು. ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಟೀಕಿಸಿದರು, ಶಿವಕುಮಾರ್ ತಿರುಗೇಟು ಕೊಟ್ಟರು, ದೆಹಲಿಯ ಕಾಂಗ್ರೆಸ್ ನಾಯಕರು ಮಧ್ಯ ಪ್ರವೇಶಿಸಿದರು, ಬಿಜೆಪಿ ತನ್ನ ಲೆಕ್ಕದಲ್ಲಿ ಮಾತಾಡಿತು. ಎರಡು ರಾಜ್ಯಗಳ ನಾಯಕರು ಒಂದು ಬಡಾವಣೆಯ ಬಗ್ಗೆ ವಾದಿಸಿದ ಆ ದಿನಗಳಲ್ಲಿ ಆ ವಾರ್ಡಿನ ಪರವಾಗಿ ನಿಂತು ಇಷ್ಟು ಮನೆ, ಇಷ್ಟು ಜನ, ಇಂಥ ದಾಖಲೆ ಎಂದು ಹೇಳಬಲ್ಲ ಚುನಾಯಿತ ಸದಸ್ಯ ಇರಲಿಲ್ಲ.

ಬೆಂಗಳೂರು ಉತ್ತರ ನಗರ ಪಾಲಿಕೆ 2025ನೇ ವರ್ಷವನ್ನು ಮುಗಿಸಿದ್ದು 72 ವಾರ್ಡ್, ಒಬ್ಬ ಕಮಿಷನರ್ ಮತ್ತು ಸೊನ್ನೆ ಸದಸ್ಯರೊಂದಿಗೆ.